ಲಿನಕ್ಸ್ ಕರ್ನೆಲ್‌ನಲ್ಲಿ ಲಾಕ್ ಬದಲಾದಾಗ ಕಾಮೆಂಟುಗಳನ್ನು ತಿದ್ದುವುದು ಹೇಗೆ?

ಮೊದಲು ಗಿಟ್ ಗ್ರೆಪ್‌ನಲ್ಲಿ ಲಾಕಿನ (ಹಂಚಿಕೊಂಡ ಡೇಟಾವನ್ನು ಏಕಕಾಲದ ಬದಲಾವಣೆಯಿಂದ ಕಾಯುವ ಬೀಗ) ಹಳೆಯ ಹೆಸರು ಹುಡುಕಿ. ಡಾಕ್ಯುಮೆಂಟೇಶನ್ ಫೋಲ್ಡರನ್ನೂ ಬಿಡಬೇಡಿ. ಕರ್ನೆಲ್ 5.8ರಲ್ಲಿ (2020) ಪ್ರೋಸೆಸ್ಸಿನ ಮೆಮೊರಿ ನಕ್ಷೆಯನ್ನು ಕಾಯುವ ಲಾಕ್ ಎಂಮ್ಯಾಪ್_ಸೆಮ್ (mmap_sem) ಎಂಬುದು ಎಂಮ್ಯಾಪ್_ಲಾಕ್ (mmap_lock) ಆಯಿತು. ಇಂಥ ಹಳೆಯ ಹೆಸರು ಕೋಡಿನಲ್ಲಿ ಉಳಿದರೆ ಕಂಪೈಲರ್ ತಡೆಯುತ್ತದೆ, ಕಾಮೆಂಟಿನಲ್ಲಿ ಉಳಿದರೆ ಕೇಳುವವರಿಲ್ಲ.

ಹಾಗಂತ ಸೆಡ್ (ಪದಗಳನ್ನು ಒಮ್ಮೆಲೇ ಬದಲಿಸುವ ಆಜ್ಞೆ) ಓಡಿಸಿ ಕೈತೊಳೆದುಕೊಂಡರೆ ಸಾಲದು. 6.4ರಿಂದ ಪ್ರತಿ ವಿಎಂಎಗೂ (ಪ್ರೋಸೆಸ್ಸಿನ ಮೆಮೊರಿಯ ಒಂದು ತುಂಡು) ತನ್ನದೇ ಲಾಕ್ ಬಂದಿದೆ. ಎಷ್ಟೋ ಪೇಜ್ ಫಾಲ್ಟುಗಳು (ಬೇಕಾದ ಮೆಮೊರಿ ಪುಟ ಸಿದ್ಧವಿಲ್ಲದಾಗ ಕರ್ನೆಲ್ ಮಾಡುವ ಕೆಲಸ) ಎಂಮ್ಯಾಪ್_ಲಾಕ್ ಮುಟ್ಟದೆಯೇ ಮುಗಿಯುತ್ತವೆ. 'ಇಲ್ಲಿ ಎಂಮ್ಯಾಪ್_ಸೆಮ್ ಹಿಡಿದಿರುತ್ತೇವೆ' ಎಂಬ ಸಾಲಿನಲ್ಲಿ ಹೆಸರು ಮಾತ್ರ ಬದಲಿಸಿದರೆ ಹಳೆಯ ಸತ್ಯ ಹೊಸ ಸುಳ್ಳಾಗಬಹುದು. ಫಂಕ್ಷನ್ನನ್ನು ಕರೆಯುವ ಪ್ರತಿ ಜಾಗವನ್ನೂ ನೋಡಿ. 'ಲಾಕ್ ಹಿಡಿದಿರಬೇಕು' ಎನ್ನುವ ಕಾಮೆಂಟಿನ ಜೊತೆ ಲಾಕ್‌ಡೆಪ್_ಅಸರ್ಟ್_ಹೆಲ್ಡ್ (lockdep_assert_held) ಹಾಕುವುದು ಮೇಲು: ಲಾಕ್‌ಡೆಪ್ (ಲಾಕ್ ಬಳಕೆಯನ್ನು ಪರೀಕ್ಷಿಸುವ ಸೌಲಭ್ಯ) ಇರುವ ಕರ್ನೆಲ್‌ನಲ್ಲಿ ಆ ಮಾತು ತಪ್ಪಿದರೆ ಎಚ್ಚರಿಕೆ ಬರುತ್ತದೆ.

ಮೆಮೊರಿ ಬ್ಯಾರಿಯರ್‌ಗಳದ್ದೇ ನಿಜವಾದ ತಲೆನೋವು; ಮೆಮೊರಿಯ ಓದು-ಬರಹಗಳ ಕ್ರಮ ಕೆಡದಂತೆ ಕಾಯುವ ಸೂಚನೆಗಳಿವು. ಕಾಮೆಂಟ್ ಇಲ್ಲದಿದ್ದರೆ ಚೆಕ್‌ಪ್ಯಾಚ್ (ಪ್ಯಾಚುಗಳನ್ನು ಪರಿಶೀಲಿಸುವ ಸ್ಕ್ರಿಪ್ಟ್) ತಕರಾರು ತೆಗೆಯುತ್ತದೆ, ಆದರೆ ಇರುವ ಕಾಮೆಂಟ್ ಸರಿಯೇ ಎಂದು ನೋಡುವುದಿಲ್ಲ. ಎಸ್‌ಎಂಪಿ_ಡಬ್ಲ್ಯೂಎಂಬಿ (smp_wmb, ಬರಹದ ಬ್ಯಾರಿಯರ್) ಮೇಲೆ ಅದರ ಜೋಡಿ ಎಸ್‌ಎಂಪಿ_ಆರ್‌ಎಂಬಿ (smp_rmb, ಓದಿನ ಬ್ಯಾರಿಯರ್) ಯಾವ ಫಂಕ್ಷನ್ನಿನಲ್ಲಿದೆ, ಯಾವ ಎರಡು ಬರಹಗಳ ಕ್ರಮ ಕಾಯುತ್ತಿದೆ ಎಂದು ಬರೆಯಿರಿ. ಸಾಲಿನ ಸಂಖ್ಯೆ ಬೇಡ, ಮುಂದಿನ ಪ್ಯಾಚಿಗೇ ಹಳತಾಗುತ್ತದೆ. ಜೋಡಿಯ ಎರಡೂ ತುದಿಯನ್ನು ಒಂದೇ ಪ್ಯಾಚಿನಲ್ಲಿ ತಿದ್ದಿ.