ಸಂಪಾದಕರ ಉತ್ತರ: ಗೇಟು ತೆರೆದಿದ್ದರೆ ಬೆಟ್ಟ ಸುರಕ್ಷಿತವೇ?

ಆತ್ಮೀಯರೇ,

ನಿಮ್ಮ ಪತ್ರ ಬಂದು ಹತ್ತು ದಿನವಾಯಿತು. ಇದಕ್ಕೆ ಎರಡು ಸಾಲಿನಲ್ಲಿ ಉತ್ತರ ಬರೆಯಲು ಮನಸ್ಸಾಗಲಿಲ್ಲ, ಹಾಗಾಗಿ ತಡವಾಯಿತು.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಎಂಜಿನ್ ಗಾಡಿ, ಓಡಿಸುವ ದಾರಿಗಳ ಬಗ್ಗೆ ನಾವು ಬರೆದಿದ್ದನ್ನು ಓದಿ ನೀವು ಕೇಳಿದ್ದು ಇಷ್ಟು. ಎರಡು ಚಳಿಗಾಲ ಯಂತ್ರ ಹಾಯಿಸಿ ಸಮ ಮಾಡಿದ ಟ್ರೇಲ್‌ಗಳಲ್ಲೇ ಓಡಿಸಿದ್ದೀರಿ. ಈ ಸಲ ಗೆಳೆಯರು ಟ್ರೇಲ್ ಬಿಟ್ಟು ಬೆಟ್ಟದ ಮೇಲಕ್ಕೆ ಕರೆಯುತ್ತಿದ್ದಾರೆ. "ಮೇಲಕ್ಕೆ ಹೋಗುವ ದಾರಿಯ ಗೇಟು ತೆರೆದಿದೆ. ನಕ್ಷೆಯಲ್ಲೂ ಓಡಿಸಬಹುದು ಅಂತಿದೆ. ಹಿಮಕುಸಿತದ ಮುನ್ಸೂಚನೆ ಬರೀ ಮಾಡರೇಟ್. ಇನ್ನು ಹೆದರುವುದೇಕೆ?" ಇದು ನಿಮ್ಮ ಮೊದಲ ಪ್ರಶ್ನೆ. "ಪಕ್ಕದ ಕಣಿವೆಯೂ ಸಾರ್ವಜನಿಕ ಜಾಗವೇ, ಆದರೆ ಮುಚ್ಚಿದ್ದಾರೆ. ಜನರ ಜಾಗಕ್ಕೆ ಜನ ಹೋಗಬಾರದು ಅಂದರೆ ಹೇಗೆ?" ಇದು ಎರಡನೆಯದು.

ಎರಡೂ ಪ್ರಶ್ನೆಗಳ ಬುಡದಲ್ಲಿ ಒಂದೇ ಎಣಿಕೆ ಇದೆ ಅನಿಸಿತು. ತೆರೆದಿದ್ದರೆ ಅಪಾಯವಿಲ್ಲ, ಮುಚ್ಚಿದ್ದರೆ ಅಪಾಯವಿದೆ ಅಂತ. ಆದರೆ ಗೇಟು ತೆಗೆಯುವವರು ನೋಡುವುದು ಬೇರೆಯದನ್ನೇ. ಜಾಗ ಯಾರದು, ಅಲ್ಲಿ ಯಾವ ಪ್ರಾಣಿ ಇದೆ, ದಾರಿ ನೋಡಿಕೊಳ್ಳುವ ಕ್ಲಬ್ಬಿನ ಒಪ್ಪಂದ ಏನು, ಇವೇ. ಮೇಲಿನ ಇಳಿಜಾರಿನಲ್ಲಿ ಇವತ್ತು ಬೆಳಿಗ್ಗೆ ಹಿಮ ಹೇಗೆ ಕೂತಿದೆ ಅಂತ ನೋಡಿ ಗೇಟು ತೆಗೆಯುವುದಿಲ್ಲ. ಸ್ಕೀ ರೆಸಾರ್ಟಿನಲ್ಲಿ ಜನ ಬರುವ ಮೊದಲೇ ಸಿಬ್ಬಂದಿ ಹೋಗಿ ಇಳಿಜಾರು ಪರೀಕ್ಷಿಸುತ್ತಾರೆ, ಬೇಕಾದರೆ ಸ್ಫೋಟಕ ಹಾಕಿ ಹಿಮ ಬೀಳಿಸುತ್ತಾರೆ. ಬ್ಯಾಕ್‌ಕಂಟ್ರಿಯಲ್ಲಿ, ಅಂದರೆ ರೆಸಾರ್ಟು, ಟ್ರೇಲ್‌ಗಳ ಆಚೆಯ ಬೆಟ್ಟದಲ್ಲಿ, ಆ ಕೆಲಸಕ್ಕೆ ಯಾರೂ ಇಲ್ಲ. ಅಲ್ಲಿ ಇರುವುದು ನೀವು ಮತ್ತು ನಿಮ್ಮ ಗೆಳೆಯರು, ಅಷ್ಟೇ.

ಮೊದಲು ಆ 'ಮಾಡರೇಟ್' ವಿಚಾರ. ಅವಲಾಂಚ್ ಕೆನಡಾ ಸಂಸ್ಥೆಯ ಮುನ್ಸೂಚನೆಯಲ್ಲಿ ಐದು ಮೆಟ್ಟಿಲುಗಳಿವೆ: ಲೋ, ಮಾಡರೇಟ್, ಕನ್ಸಿಡರಬಲ್, ಹೈ, ಎಕ್ಸ್‌ಟ್ರೀಮ್. ಬೆಟ್ಟದಲ್ಲಿ ಮರ ಬೆಳೆಯುವುದು ನಿಲ್ಲುವ ಗೆರೆಯ ಕೆಳಗೆ, ಗೆರೆಯ ಹತ್ತಿರ, ಗೆರೆಯ ಮೇಲೆ ಅಂತ ಮೂರು ಎತ್ತರಕ್ಕೆ ಬೇರೆ ಬೇರೆ ಮಟ್ಟ ಕೊಡುತ್ತಾರೆ. ನೀವು ನೋಡಿದ್ದು ಯಾವುದು? ಗೆಳೆಯರು ಕರೆಯುತ್ತಿರುವುದು ಮೇಲಿನದಕ್ಕೆ ಅಲ್ವಾ? ಮಾಡರೇಟ್ ಅನ್ನುವುದನ್ನು ಮನಸ್ಸಿನಲ್ಲೇ 'ಮಧ್ಯಮ' ಮಾಡಿಕೊಂಡರೆ ಪರವಾಗಿಲ್ಲ ಅನಿಸಿಬಿಡುತ್ತದೆ. ಆ ಪದಕ್ಕೆ ಅಲ್ಲಿರುವ ಅರ್ಥವೇ ಬೇರೆ. ತಾನಾಗಿ ಹಿಮ ಜಾರುವುದು ಕಡಿಮೆ, ಮನುಷ್ಯ ಹೋದರೆ ಜಾರಬಹುದು. ಒಂದು ಮೆಟ್ಟಿಲು ಮೇಲೆ, ಕನ್ಸಿಡರಬಲ್‌ನಲ್ಲಿ, ಮನುಷ್ಯ ಹೋದರೆ ಜಾರುವ ಸಾಧ್ಯತೆಯೇ ಜಾಸ್ತಿ. ಪ್ರಾಣ ತೆಗೆದ ಹಿಮಕುಸಿತಗಳಲ್ಲಿ ಸುಮಾರು ಹತ್ತಕ್ಕೆ ಒಂಬತ್ತನ್ನು ಸತ್ತವರೋ ಅವರ ಜೊತೆಗಿದ್ದವರೋ ತಾವೇ ಎಬ್ಬಿಸಿರುತ್ತಾರೆ. ಹಾಗಾಗಿ ಮಟ್ಟದ ಹೆಸರಿಗೇ ನಿಲ್ಲಬೇಡಿ. ಅದರ ಕೆಳಗಿನ ಪ್ಯಾರಾ ಓದಿ. ಯಾವ ದಿಕ್ಕಿನ ಇಳಿಜಾರು, ಎಷ್ಟು ಆಳದಲ್ಲಿ ದುರ್ಬಲ ಪದರ ಅಂತ ಬರೆದಿರುವುದು ಅಲ್ಲೇ.

ಆ ದುರ್ಬಲ ಪದರ ಅಂದರೇನು ಅಂತ ನನಗೆ ಓದಿ ಅರ್ಥವಾಗಲಿಲ್ಲ, ಮುಟ್ಟಿದಾಗ ಅರ್ಥವಾಯಿತು. ಒಂದು ತರಬೇತಿಯಲ್ಲಿ ಎದೆಮಟ್ಟದ ಗುಂಡಿ ತೋಡಿಸಿದರು. ಮೇಲಿನ ಹಿಮ ಸಲಿಕೆ ಹಾಕಿದರೆ ಇಟ್ಟಿಗೆಯ ಹಾಗೆ ತುಂಡು ತುಂಡಾಗಿ ಬರುತ್ತಿತ್ತು. ಬುಡಕ್ಕೆ ಹೋದಾಗ ಸಲಿಕೆಯಲ್ಲಿ ಏನೂ ನಿಲ್ಲಲಿಲ್ಲ. ಕೈಗವಸಿನಲ್ಲಿ ಒಂದು ಹಿಡಿ ತೆಗೆದುಕೊಂಡೆ. ದಪ್ಪ ಕಾಳಿನ ಸಕ್ಕರೆಯ ಹಾಗಿತ್ತು. ಉಂಡೆ ಕಟ್ಟಲು ನೋಡಿದೆ, ಬೆರಳ ಸಂದಿಯಿಂದ ಸುರಿದುಹೋಯಿತು. ಅಷ್ಟು ಗಟ್ಟಿ ಹಿಮವೆಲ್ಲ ಆ ಸಕ್ಕರೆಯ ಮೇಲೆ ಕೂತಿತ್ತು. ಚಳಿಗಾಲದ ಶುರುವಿನಲ್ಲಿ ಹಿಮ ತೆಳ್ಳಗಿರುತ್ತದೆ, ಕೆಳಗಿನ ನೆಲ ಬೆಚ್ಚಗಿರುತ್ತದೆ, ಮೇಲಿನ ಗಾಳಿ ಕೊರೆಯುತ್ತಿರುತ್ತದೆ. ಹಿಮದೊಳಗೆ ಆವಿ ಕೆಳಗಿನಿಂದ ಮೇಲಕ್ಕೆ ಹೋಗುತ್ತ ಈ ಕಾಳುಗಳನ್ನು ಬೆಳೆಸುತ್ತದೆ. ಅವು ಒಂದಕ್ಕೊಂದು ಅಂಟುವುದಿಲ್ಲ. ಆಮೇಲೆ ಮೇಲೆ ಎಷ್ಟೇ ಹಿಮ ಬೀಳಲಿ, ಬುಡ ಹಾಗೇ ಉಳಿದಿರುತ್ತದೆ. ತಿಂಗಳುಗಟ್ಟಲೆ.

ಸ್ಕೀ ಹಾಕಿಕೊಂಡು ಹತ್ತುವವರಿಗೆ ಬೆಟ್ಟ ಒಂದಿಷ್ಟು ಸುಳಿವು ಕೊಡುತ್ತದೆ. ಅರ್ಧ ದಿನ ನಡೆಯುತ್ತಾರೆ, ಕಾಲಡಿ 'ಧುಪ್' ಅಂತ ಹಿಮ ಕುಸಿದು ಕೂರುವ ಸದ್ದು ಕೇಳುತ್ತದೆ, ಸ್ಕೀ ಮುಂದಿನಿಂದ ಬಿರುಕು ಓಡುವುದು ಕಾಣುತ್ತದೆ. ನೀವು ಅದೇ ಎತ್ತರಕ್ಕೆ ಹತ್ತು ನಿಮಿಷದಲ್ಲಿ ಹೋಗುತ್ತೀರಿ, ಎಂಜಿನ್ ಸದ್ದು, ತಲೆಗೆ ಹೆಲ್ಮೆಟ್. ಆ ಧುಪ್ ನಿಮಗೆ ಕೇಳಿಸುವುದೇ ಇಲ್ಲ. ಅದಕ್ಕೇ ನಿಲ್ಲಿಸಬೇಕು. ಅಪಾಯವಿಲ್ಲದ ಸಮತಟ್ಟು ಜಾಗದಲ್ಲಿ ಎಂಜಿನ್ ಆರಿಸಿ, ಇಳಿದು ನಡೆಯಿರಿ, ಸಣ್ಣ ದಿಬ್ಬದ ಅಂಚನ್ನು ತುಳಿದು ನೋಡಿ, ಸುತ್ತ ಹೊಸದಾಗಿ ಜಾರಿದ ಗುರುತು ಇದೆಯಾ ನೋಡಿ. ಐದು ನಿಮಿಷದ ಕೆಲಸ. ಬಹಳ ಜನ ಮಾಡುವುದಿಲ್ಲ, ನನಗೆ ಅದೇ ಸಂಕಟ.

ಇಳಿಜಾರಿನ ಲೆಕ್ಕ ಚಿಕ್ಕದು. ದೊಡ್ಡ ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಶುರುವಾಗುತ್ತವೆ. ಗಾಡಿಯನ್ನು ಎಷ್ಟು ಮೇಲಕ್ಕೆ ಏರಿಸುತ್ತೀರಿ ಅಂತ ಪಂದ್ಯ ಕಟ್ಟುವ ಇಳಿಜಾರೂ ಅದೇ. ಕೆಳಗೆ ನಿಂತು ನೋಡುವವರಿಗೆ ಏನೂ ಆಗುವುದಿಲ್ಲ ಅಂದುಕೊಳ್ಳಬೇಡಿ. 2010ರ ಮಾರ್ಚ್‌ನಲ್ಲಿ ರೆವೆಲ್‌ಸ್ಟೋಕ್ ಹತ್ತಿರದ ಬೌಲ್ಡರ್ ಬೆಟ್ಟದಲ್ಲಿ ಇಂಥ ಏರಾಟ ನೋಡಲು ಸೇರಿದ್ದ ಗುಂಪಿನ ಮೇಲೇ ಹಿಮ ಬಂತು. ಇಬ್ಬರು ಸತ್ತರು, ಮೂವತ್ತರಷ್ಟು ಮಂದಿಗೆ ಗಾಯವಾಯಿತು.

ಇನ್ನೊಂದು ಘಟನೆ ನನ್ನ ತಲೆಯಿಂದ ಹೋಗುವುದೇ ಇಲ್ಲ. 2008ರ ಡಿಸೆಂಬರ್ 28. ಫರ್ನಿ ಹತ್ತಿರದ ಬೆಟ್ಟದಲ್ಲಿ ಹನ್ನೊಂದು ಗೆಳೆಯರು ಸ್ನೋಮೊಬೈಲ್ ಓಡಿಸುತ್ತಿದ್ದರು. ಮೊದಲ ಕುಸಿತ ಏಳು ಮಂದಿಯನ್ನು ಹೂತಿತು. ಉಳಿದ ನಾಲ್ವರು ಓಡಿ ಬಂದು ಹುಡುಕಲು, ತೋಡಲು ಶುರು ಮಾಡಿದರು. ಎರಡನೆಯ ಕುಸಿತ ಅವರನ್ನೂ ಮುಚ್ಚಿತು. ಬದುಕಿ ಬಂದವರು ಮೂವರು. ಆ ನಾಲ್ವರು ಮಾಡಿದ್ದು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಗೆಳೆಯ ಕೆಳಗಿದ್ದಾನೆ ಅಂದರೆ ಯಾರು ಸುಮ್ನೆ ನಿಲ್ಲುತ್ತಾರೆ? ಆದರೆ ಓಡುವ ಮುಂಚೆ ಒಮ್ಮೆ ತಲೆಯೆತ್ತಿ ಮೇಲೆ ನೋಡಲೇಬೇಕು. ಇನ್ನೂ ಜಾರದ ಹಿಮ ಮೇಲೆ ನೇತಾಡುತ್ತಿದೆಯಾ?

ಇದೇ ಕಾರಣಕ್ಕೆ ಇಳಿಜಾರಿನಲ್ಲಿ ಒಂದು ಸಲಕ್ಕೆ ಒಬ್ಬರೇ ಇರಬೇಕು. ಗೆಳೆಯನ ಗಾಡಿ ಅರ್ಧದಲ್ಲಿ ಹೂತುಕೊಂಡರೆ ನಿಮ್ಮ ಗಾಡಿ ತೆಗೆದುಕೊಂಡು ಮೇಲೆ ಹೋಗಬೇಡಿ, ಹಿಮದ ಮೇಲೆ ಭಾರ ಎರಡು ಪಟ್ಟಾಗುತ್ತದೆ. ಅವನೇ ತೋಡಿಕೊಂಡು ಬರಲಿ. ಉಳಿದವರು ಇಳಿಜಾರಿನ ದಾರಿಯಿಂದ ಪಕ್ಕಕ್ಕೆ, ಗಾಡಿಯ ಮುಖವನ್ನು ಹೊರಗೆ ತಿರುಗಿಸಿ, ಅವನ ಮೇಲೆ ಕಣ್ಣಿಟ್ಟು ನಿಂತಿರಲಿ.

ಸಲಕರಣೆ ಎಲ್ಲ ಗಾಡಿಯ ಹಿಂದಿನ ಚೀಲದಲ್ಲಿದೆ ಅಂತ ಬರೆದಿದ್ದೀರಿ. ದಯವಿಟ್ಟು ಇವತ್ತೇ ಬದಲಾಯಿಸಿ. ಹಿಮ ಗಾಡಿಯನ್ನು ಒಂದು ಕಡೆ ಎಳೆಯುತ್ತದೆ, ನಿಮ್ಮನ್ನು ಇನ್ನೊಂದು ಕಡೆ. ಹೂತವರನ್ನು ಹುಡುಕಲು ಸಂಕೇತ ಕಳಿಸುವ ಬೀಕನ್ ಮೈಗೆ ಕಟ್ಟಿರಬೇಕು, ಹಿಮಕ್ಕೆ ಚುಚ್ಚಿ ನೋಡುವ ಪ್ರೋಬ್ ಕಡ್ಡಿ ಮತ್ತು ಸಲಿಕೆ ಬೆನ್ನಿನ ಚೀಲದಲ್ಲಿರಬೇಕು. ಫೋನು, ರೇಡಿಯೋ ಬೀಕನ್ನಿನಿಂದ ಕನಿಷ್ಠ 20 ಸೆಂಟಿಮೀಟರ್ ದೂರವಿರಲಿ, ಹುಡುಕುವಾಗ 50. ಹತ್ತಿರದ ಎಂಜಿನ್‌ಗಳನ್ನೂ ಆರಿಸಿ. ಹಿಮ ಜಾರಿದಾಗ ಉಬ್ಬಿ ನಿಮ್ಮನ್ನು ಮೇಲೆ ಉಳಿಸಲು ನೋಡುವ ಏರ್‌ಬ್ಯಾಗ್ ಚೀಲ ಒಳ್ಳೆಯದೇ, ಇದ್ದರೆ ಹಾಕಿಕೊಳ್ಳಿ. ಆದರೆ ಮರಕ್ಕೆ ಬಂಡೆಗೆ ಬಡಿಯುವುದನ್ನು ಅದು ತಪ್ಪಿಸಲಾರದು.

ಹೂತವರನ್ನು ಹತ್ತು ನಿಮಿಷದೊಳಗೆ ಹೊರತೆಗೆದರೆ ಬದುಕುವ ಸಾಧ್ಯತೆ ಬಹಳ. ಅರ್ಧ ಗಂಟೆಯ ಹೊತ್ತಿಗೆ ಅದು ಮೂರನೇ ಒಂದು ಪಾಲಿಗೆ ಇಳಿದಿರುತ್ತದೆ. ಹೆಲಿಕಾಪ್ಟರ್ ಅಷ್ಟರೊಳಗೆ ಬರುವುದಿಲ್ಲ. ನಿಂತ ಹಿಮ ಕಾಂಕ್ರೀಟಿನ ಹಾಗೆ ಗಟ್ಟಿಯಾಗುತ್ತದೆ, ಕೈಯಲ್ಲಿ ಕೆದಕಲು ಬರುವುದಿಲ್ಲ. ಪ್ರೋಬ್ ತಾಗಿದ ಮೇಲೆ ಅದನ್ನು ಕೀಳದೆ ಹಾಗೇ ಬಿಟ್ಟು, ಅದರ ನೇರ ಮೇಲೆ ನಿಂತು ತೋಡದೆ, ಸ್ವಲ್ಪ ಇಳಿಜಾರಿನ ಕೆಳಗಿನಿಂದ ಒಳಕ್ಕೆ ತೋಡುತ್ತ ಹೋಗಬೇಕು. ನಾನು ಮೊದಲ ಸಲ ಅಭ್ಯಾಸಕ್ಕೆ ಹೂತಿಟ್ಟ ಚೀಲ ಹುಡುಕಿ ತೆಗೆದಾಗ ಹದಿನೇಳು ನಿಮಿಷ ಹಿಡಿದಿತ್ತು. ಹುಡುಕಲು ನಾಲ್ಕು, ಉಳಿದದ್ದೆಲ್ಲ ತೋಡುವುದಕ್ಕೆ. ಮನುಷ್ಯ ಆಗಿದ್ದರೆ ಅಂತ ಯೋಚಿಸಿ ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಮುಚ್ಚಿದ ಕಣಿವೆ. ನೀವು ಕಳಿಸಿದ ನಕ್ಷೆ ನೋಡಿದೆ. ಅದು ಕ್ಯಾರಿಬೂ ಅನ್ನುವ, ಚಳಿ ನಾಡಿನ ದೊಡ್ಡ ಜಿಂಕೆಗಾಗಿ ಮುಚ್ಚಿದ ಜಾಗ. ಈ ಬೆಟ್ಟದ ಕ್ಯಾರಿಬೂಗಳು ಚಳಿಗಾಲದಲ್ಲಿ ಮೇಲಕ್ಕೇ ಹೋಗುತ್ತವೆ. ಅಗಲವಾದ ಗೊರಸಿನಿಂದ ಆಳ ಹಿಮದ ಮೇಲೆ ನಿಂತು ಹಳೆಯ ಮರಗಳಿಂದ ಜೋತುಬಿದ್ದ ಕಲ್ಲುಹೂವು ತಿನ್ನುತ್ತವೆ. ಮೆತ್ತಗಿನ ಆಳ ಹಿಮದಲ್ಲಿ ತೋಳಗಳಿಗೆ ಮೇಲೆ ಬರುವುದು ಕಷ್ಟ. ನಿಮ್ಮ ಗಾಡಿ ಒಮ್ಮೆ ಹೋದರೆ ಹಿಮ ಅದುಮಿ ಗಟ್ಟಿ ದಾರಿಯಾಗುತ್ತದೆ, ತೋಳ ಅದೇ ದಾರಿ ಹಿಡಿದು ಬರುತ್ತದೆ. ಅಲ್ಲಿ ಹಿಮ ಎಷ್ಟೇ ಗಟ್ಟಿಯಾಗಿರಲಿ, ನಿಮಗೆ ಅಪಾಯವಿಲ್ಲದಿರಲಿ, ಗೇಟು ಮುಚ್ಚಿರುವುದು ನಿಮಗಾಗಿ ಅಲ್ಲ.

ಜನರ ಜಾಗ ಅನ್ನುವ ನಿಮ್ಮ ಮಾತು ನನಗೂ ಪ್ರಿಯವೇ. ಕಾರಣ ಹೇಳದೆ, ಕೇಳದೆ ಮುಚ್ಚಿದರೆ ನಾವು ಬರೆಯುತ್ತೇವೆ, ಮುಂದೆಯೂ ಬರೆಯುತ್ತೇವೆ. ಗಡಿಯಾಚೆ ಅಮೆರಿಕದಲ್ಲಿ 2015ರ ನಿಯಮದ ಪ್ರಕಾರ ಅರಣ್ಯ ಇಲಾಖೆ ಸ್ನೋಮೊಬೈಲ್ ಎಲ್ಲೆಲ್ಲಿ ಓಡಿಸಬಹುದು ಅಂತ ಗುರುತಿಸಿ ನಕ್ಷೆ ಮಾಡಬೇಕು, ಅದಕ್ಕೆ ಮೊದಲು ಸಾರ್ವಜನಿಕರನ್ನು ಕೇಳಬೇಕು. ಅಂಥ ಸಭೆಗೆ ಹೋಗಿ ಕೂತು ಮಾತಾಡುವ ಸವಾರರು ಬೆರಳೆಣಿಕೆ. ಅದೇ, ಮುಚ್ಚಿದ ಗಡಿಯೊಳಗೆ ಒಂದೇ ಒಂದು ಗಾಡಿಯ ಜಾಡು ಸಿಕ್ಕಿದರೂ ಅದರ ಫೋಟೋ ಪ್ರತಿ ಸಭೆಯ ಮೇಜಿನ ಮೇಲಿರುತ್ತದೆ. ತೆರೆದಿರುವ ಪಕ್ಕದ ಕಣಿವೆಗೂ ಆಗ ಕುತ್ತು. ನಿಮ್ಮೂರಿನ ಕ್ಲಬ್ಬಿಗೆ ಸೇರಿ. ಬೆಳಗಿನ ಜಾವ ಎದ್ದು ಆ ಟ್ರೇಲ್ ಸಮ ಮಾಡುವವರು ಅವರೇ, ಗಡಿಯ ಮಾತುಕತೆಗೆ ಹೋಗುವವರೂ ಅವರೇ.

ಕೊನೆಗೆ, ಹೊಸ ಗಾಡಿ ತೆಗೆದುಕೊಳ್ಳಲೋ ಅಂತ ಕೇಳಿದ್ದೀರಿ. ಈ ವರ್ಷ ಬೇಡ. ಮೊದಲು ಎರಡು ದಿನದ ಹಿಮಕುಸಿತ ತರಬೇತಿ ಮಾಡಿ, ಸ್ನೋಮೊಬೈಲ್ ಸವಾರರಿಗೆಂದೇ ನಡೆಯುವಂಥದ್ದು. ಆಮೇಲೆ ಗೆಳೆಯರ ಜೊತೆ ಹೋಗುವ ದಿನ, ಗಾಡಿ ಇಳಿಸುವ ಜಾಗದಲ್ಲೇ ಒಬ್ಬೊಬ್ಬರ ಬೀಕನ್ ಕೆಲಸ ಮಾಡುತ್ತಿದೆಯಾ ನೋಡೋಣ ಅನ್ನಿ. ಎಲ್ಲರೂ ಒಪ್ಪಿದರೆ ಹೋಗಿ. ಯಾರಾದರೂ ಬೇಜಾರು ಮಾಡಿಕೊಂಡರೆ ಆ ದಿನ ನೀವು ಹಳೆಯ ಟ್ರೇಲ್‌ನಲ್ಲೇ ಓಡಿಸಿ. ಹೇಗಾಯಿತು ಅಂತ ಬರೆಯಿರಿ, ನಾನು ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕ