ಕರೆಂಟು ಕೊಟ್ಟ ಜಾಗದಲ್ಲಿ ಪೆಟ್ಟಿಲ್ಲದೆ ಬಂದ ಕಲೆ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾನು ಡೊಂಬಿವಲಿಯವಳು, ವಯಸ್ಸು 61. 2017ರಲ್ಲಿ ಎಡ ಸ್ತನದಲ್ಲಿ ಕ್ಯಾನ್ಸರ್ ಅಂತ ಗೊತ್ತಾಗಿ, ಗಡ್ಡೆ ಮಾತ್ರ ತೆಗೆದು, 25 ದಿನ ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟರು. ಈಗ ಆರಾಮಾಗಿದ್ದೇನೆ. ಮೊನ್ನೆ ಮಗಳು ಫೋನಿನಲ್ಲಿ ಏನೋ ಓದಿ, ರೇಡಿಯೇಶನ್ ತಗೊಂಡವರಿಗೆ ಚರ್ಮದ ಕ್ಯಾನ್ಸರ್ ಬರೋದು ಶೇಕಡಾ 57 ಜಾಸ್ತಿಯಂತೆ ಅಂದಳು. ಅವತ್ತಿನಿಂದ ನಿದ್ದೆ ಇಲ್ಲ. ಆ ಜಾಗದ ಚರ್ಮ ಸ್ವಲ್ಪ ಕಪ್ಪಾಗಿದೆ, ಜೇಡರ ಬಲೆಯ ಹಾಗೆ ಸಣ್ಣ ಕೆಂಪು ಗೆರೆಗಳೂ ಇವೆ. ಅದೇ ಶುರುವಾಯ್ತಾ? ಇನ್ನೊಂದು, ಕುಂದಾಪುರದಲ್ಲಿರುವ ನನ್ನ ತಂಗಿಗೂ ಇದೇ ಕಾಯಿಲೆ ಬಂದು ಹೋದ ತಿಂಗಳು ಗಡ್ಡೆಯ ಆಪರೇಶನ್ ಆಯಿತು. ಈ ಸುದ್ದಿ ಕೇಳಿ ಅವಳು ಕರೆಂಟು ಬೇಡವೇ ಬೇಡ ಅಂತಿದ್ದಾಳೆ. ನಾನು ಏನು ಹೇಳಲಿ?

ಉತ್ತರ: ಅಕ್ಕಾ, ಮೊದಲು ತಂಗಿಗೆ ಫೋನ್ ಮಾಡಿ. ಅವಳ ಡಾಕ್ಟರು ಕರೆಂಟು ಬೇಕು ಅಂದಿದ್ದರೆ ಈ ಹೆದರಿಕೆಗಾಗಿ ಬಿಡಬಾರದು ಅಂತ ಹೇಳಿ. ಕಾರಣ ಹೇಳುತ್ತೇನೆ.

ಸ್ತನ ಉಳಿಸಿ ಗಡ್ಡೆ ಮಾತ್ರ ತೆಗೆದ 10 ಸಾವಿರಕ್ಕೂ ಹೆಚ್ಚು ಹೆಂಗಸರ ಲೆಕ್ಕವನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದರು. ಕರೆಂಟು ತಗೊಳ್ಳದವರಲ್ಲಿ 10 ವರ್ಷದೊಳಗೆ ನೂರಕ್ಕೆ 35 ಮಂದಿಗೆ ಕಾಯಿಲೆ ಮರಳಿ ಬಂದಿತ್ತು. ತಗೊಂಡವರಲ್ಲಿ ಅದು 19. ಅಂದರೆ ಸಾವಿರ ಜನರಲ್ಲಿ ನೂರೈವತ್ತಕ್ಕೂ ಹೆಚ್ಚು ಮಂದಿ ಮತ್ತೆ ಆಸ್ಪತ್ರೆಯ ಬಾಗಿಲಿಗೆ ಹೋಗುವುದು ತಪ್ಪಿತು. ಕರೆಂಟಿನಿಂದ ಬರುವ ಚರ್ಮದ ಕ್ಯಾನ್ಸರ್‌ಗಳಲ್ಲಿ ನಾವು ಹೆಚ್ಚು ಹೆದರುವುದು ಆಂಜಿಯೋಸಾರ್ಕೋಮ ಎಂಬ ರಕ್ತನಾಳದ ಕ್ಯಾನ್ಸರ್‌ಗೆ. ಅದು ಬರುವುದು ಸಾವಿರದಲ್ಲಿ ಸುಮಾರು ಒಬ್ಬಿಬ್ಬರಿಗೆ. ಈ ಎರಡು ಲೆಕ್ಕವನ್ನು ಪಕ್ಕಪಕ್ಕ ಇಟ್ಟು ತಂಗಿಗೆ ಹೇಳಿ. ನೀವು 2017ರಲ್ಲಿ ಮಾಡಿದ್ದು ಸರಿ, ಅದರಲ್ಲಿ ತಪ್ಪೇನೂ ಇಲ್ಲ.

ಮಗಳು ಓದಿದ್ದು ಸುಳ್ಳು ಸುದ್ದಿಯಲ್ಲ. 2024ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವೈದ್ಯರು ಪ್ರಕಟಿಸಿದ ಅಧ್ಯಯನ ಅದು. ಅಲ್ಲಿನ ಎಂಟು ಲಕ್ಷಕ್ಕೂ ಹೆಚ್ಚು ಸ್ತನ ಕ್ಯಾನ್ಸರ್ ರೋಗಿಗಳ ದಾಖಲೆ ನೋಡಿದ್ದಾರೆ. ಆದರೆ ಶೇಕಡಾ 57 ಜಾಸ್ತಿ ಅಂದರೆ ನೂರರಲ್ಲಿ 57 ಜನರಿಗೆ ಬರುತ್ತದೆ ಅಂತ ಅಲ್ಲ. ಉದಾಹರಣೆಗೆ, ಲಕ್ಷ ಜನರಲ್ಲಿ 100 ಮಂದಿಗೆ ಬರುವ ಕಾಯಿಲೆ 157 ಮಂದಿಗೆ ಬಂದರೆ ಅದೂ ಶೇಕಡಾ 57 ಜಾಸ್ತಿಯೇ, ಅಲ್ವಾ? ಅಲ್ಲಿ ಹೆಚ್ಚಾಗಿ ಕಂಡದ್ದು ಮೆಲನೋಮ, ಅಂದರೆ ಮಚ್ಚೆಯ ಹಾಗೆ ಕಾಣುವ ಕ್ಯಾನ್ಸರ್. ಬಿಳಿ ಚರ್ಮದವರಿಗೆ ಹೋಲಿಸಿದರೆ ನಮ್ಮವರಲ್ಲಿ ಅದು ತುಂಬಾ ಕಡಿಮೆ, ಬಂದರೂ ಹೆಚ್ಚಾಗಿ ಅಂಗೈ ಅಂಗಾಲಿನಲ್ಲಿ.

ಕಿರಣದಿಂದ ಚರ್ಮಕ್ಕೆ ಕ್ಯಾನ್ಸರ್ ಬರಬಹುದು ಅನ್ನುವುದು ಹೊಸ ಮಾತೂ ಅಲ್ಲ. ಎಕ್ಸ್-ರೇ ಕಂಡುಹಿಡಿದದ್ದು 1895ರಲ್ಲಿ. ಅದರ ಜೊತೆ ಕೆಲಸ ಮಾಡುತ್ತಿದ್ದವನೊಬ್ಬನ ಕೈಯ ಚರ್ಮದಲ್ಲಿ ಕ್ಯಾನ್ಸರ್ ಕಂಡಿತು ಅಂತ ವರದಿಯಾದದ್ದು 1902ರಲ್ಲಿ. ಆಗ ಕೈಯನ್ನು ನೇರವಾಗಿ ಕಿರಣಕ್ಕೆ ಒಡ್ಡುತ್ತಿದ್ದರು, ಅಳತೆಯೂ ಇರಲಿಲ್ಲ. ಈಗಿನ ಯಂತ್ರಗಳಲ್ಲಿ ಕಿರಣದ ಹೆಚ್ಚಿನ ಶಕ್ತಿ ಚರ್ಮದ ಮೇಲೆ ಬೀಳದೆ ಸ್ವಲ್ಪ ಒಳಗೆ ಇಳಿದ ಮೇಲೆ ಬೀಳುತ್ತದೆ. ನಿಮಗೆ 25 ದಿನದಲ್ಲಿ ಸಾಮಾನ್ಯವಾಗಿ ಕೊಡುವ 50 ಗ್ರೇ (ಗ್ರೇ ಅಂದರೆ ಕಿರಣದ ಅಳತೆ) ಕೊಟ್ಟಿರುತ್ತಾರೆ. ಈಗ ಬಹಳ ಕಡೆ 15 ದಿನಕ್ಕೆ 40 ಗ್ರೇ, ಕೆಲವರಿಗೆ ಐದೇ ದಿನಕ್ಕೆ 26 ಗ್ರೇ. ತಂಗಿಗೆ ಇದನ್ನೂ ಹೇಳಿ. ತಿಂಗಳುಗಟ್ಟಲೆ ಆಸ್ಪತ್ರೆಗೆ ಅಲೆಯಬೇಕು ಅನ್ನುವ ಚಿಂತೆಯೂ ಅವಳು ‘ಬೇಡ’ ಅನ್ನುವುದರ ಹಿಂದೆ ಇರಬಹುದು.

ಇನ್ನು ನಿಮ್ಮ ಕೆಂಪು ಗೆರೆಗಳು. ಕರೆಂಟು ಬಿದ್ದ ಜಾಗದಲ್ಲಿ ಸಣ್ಣ ರಕ್ತನಾಳಗಳು ಹಿಗ್ಗಿ ವರ್ಷಗಳ ನಂತರ ಹೀಗೆ ಕಾಣುತ್ತವೆ. ಬೆರಳಿನಿಂದ ಒತ್ತಿದರೆ ಮಾಯವಾಗಿ, ಬಿಟ್ಟರೆ ಮತ್ತೆ ತುಂಬಿಕೊಳ್ಳುತ್ತವೆ. ಚರ್ಮ ಕಪ್ಪಾಗುವುದು, ಸ್ವಲ್ಪ ಬಿರುಸಾಗುವುದು ಕೂಡ ಸಾಮಾನ್ಯ. ನೀವು ಬರೆದದ್ದು ಓದಿದರೆ ಹಾಗೇ ಅನಿಸುತ್ತದೆ. ಆದರೆ ಪತ್ರ ಓದಿ ಚರ್ಮ ನೋಡಲು ಆಗುವುದಿಲ್ಲ, ಒಮ್ಮೆ ಯಾರಾದರೂ ಚರ್ಮದ ಡಾಕ್ಟರಿಗೆ ತೋರಿಸಿಬಿಡಿ.

ನೀವು ಹೆದರಬೇಕಾದ ಗುರುತು ಬೇರೆಯೇ ಇದೆ. ಅದರ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ಇದನ್ನು ಯಾರೂ ಹೆಂಗಸರಿಗೆ ಹೇಳಿ ಕಳಿಸುವುದಿಲ್ಲ, ಅದು ನನಗೆ ಬಹಳ ಬೇಸರದ ವಿಷಯ. ಕೆಲವು ವರ್ಷದ ಹಿಂದೆ ಮಾಟುಂಗದ ನನ್ನ ಕ್ಲಿನಿಕ್ಕಿಗೆ ಒಬ್ಬರು ಬಂದರು. ಸ್ತನದ ಕೆಳಗೆ ನೇರಳೆ ಬಣ್ಣದ ಕಲೆ, ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿದ ಹಾಗೆ. ಲೋಕಲ್ ಟ್ರೈನಿನ ನೂಕುನುಗ್ಗಲಲ್ಲಿ ಕಂಬಕ್ಕೆ ತಾಗಿರಬೇಕು ಅಂತ ಅವರು ತಾವೇ ಅಂದುಕೊಂಡಿದ್ದರು. ಮೊದಲು ಒಂದು ಮುಲಾಮು ಹಚ್ಚಿದರು, ಆಮೇಲೆ ಮುಂಬಯಿಯ ಬೆವರಿಗೆ ಬಂದ ಫಂಗಸ್ ಇರಬಹುದು ಅಂತ ಮೆಡಿಕಲ್‌ನವನು ಕೊಟ್ಟ ಇನ್ನೊಂದು. ಹಾಗೇ ಮೂರು ತಿಂಗಳು ಕಳೆಯಿತು. ಹಿಂದೆ ಏನಾದರೂ ದೊಡ್ಡ ಕಾಯಿಲೆ ಆಗಿತ್ತಾ ಅಂತ ಕೇಳಿದಾಗಲೂ ಹೇಳಲಿಲ್ಲ. ಬಟ್ಟೆ ಸರಿಸಿದಾಗ ಹಳೆಯ ಹೊಲಿಗೆಯ ಗುರುತು ಕಂಡು ನಾನೇ ಕೇಳಿದೆ. ‘ಅದಾ ಡಾಕ್ಟ್ರೇ, ಅದು ಎಂಟು ವರ್ಷದ ಹಿಂದಿನದ್ದು, ಮುಗಿದುಹೋಯಿತಲ್ಲಾ’ ಅಂದರು. ಮೊದಲು ತೆಗೆದ ಬಯಾಪ್ಸಿಯಲ್ಲಿ, ಅಂದರೆ ಚರ್ಮದ ಚೂರು ತೆಗೆದು ಮಾಡುವ ಪರೀಕ್ಷೆಯಲ್ಲಿ, ಏನೂ ಸಿಗಲಿಲ್ಲ. ಕಲೆ ಮಾತ್ರ ಹರಡುತ್ತಲೇ ಇತ್ತು. ಎರಡನೇ ಸಲ ಆಳದಿಂದ ತೆಗೆದಾಗ ಆಂಜಿಯೋಸಾರ್ಕೋಮ ಅಂತ ಬಂತು. ದೊಡ್ಡ ಆಪರೇಶನ್ ಆಯಿತು. ಮೊದಲ ತಿಂಗಳೇ ಸಿಕ್ಕಿದ್ದರೆ ಅಂತ ಈಗಲೂ ನನಗೆ ಅನಿಸುತ್ತದೆ.

ಇದು ಬರುವುದು ಹೆಚ್ಚಾಗಿ ಕರೆಂಟು ಮುಗಿದು ಐದರಿಂದ ಹತ್ತು ವರ್ಷದ ಹೊತ್ತಿಗೆ. ಆಸ್ಪತ್ರೆಗೆ ಹೋಗುವುದು ವರ್ಷಕ್ಕೊಮ್ಮೆ ಆಗಿರುತ್ತದೆ, ಮನಸ್ಸೂ ನಿರಾಳವಾಗಿರುತ್ತದೆ. ಗಡ್ಡೆಯ ಹಾಗೆ ಕೈಗೆ ಸಿಗದೆಯೂ ಇರಬಹುದು. ನೋವೂ ಇಲ್ಲದಿರಬಹುದು. ಕೆಂಪು ಇಲ್ಲವೇ ನೇರಳೆ ಕಲೆ, ಕೆಲವೊಮ್ಮೆ ಅದರ ಮೇಲೆ ಸಣ್ಣ ಗುಳ್ಳೆ. ಪೆಟ್ಟಿನ ಕಲೆಯಾದರೆ ಹಸಿರಾಗಿ, ಹಳದಿಯಾಗಿ ಎರಡು ಮೂರು ವಾರದಲ್ಲಿ ಹೋಗುತ್ತದೆ. ಹೋಗದಿದ್ದರೆ ಕಾಯಬೇಡಿ. ಡಾಕ್ಟರ ಮುಂದೆ ಕೂತ ಕೂಡಲೇ ‘ಈ ಜಾಗಕ್ಕೆ ಕರೆಂಟು ಕೊಟ್ಟಿದ್ದರು, ಇಂಥ ವರ್ಷ’ ಅಂತ ನೀವೇ ಹೇಳಿ, ಅವರು ಕೇಳಲಿ ಬಿಡಲಿ. ಒಂದು ಬಯಾಪ್ಸಿಯಲ್ಲಿ ಏನೂ ಇಲ್ಲ ಅಂತ ಬಂದು ಕಲೆ ಮಾತ್ರ ಬೆಳೆಯುತ್ತಿದ್ದರೆ ಇನ್ನೊಂದು ತೆಗೆಯಿರಿ ಅಂತ ಕೇಳಲು ಸಂಕೋಚ ಬೇಡ.

ತಿಂಗಳಿಗೊಮ್ಮೆ ಸ್ನಾನದ ನಂತರ ಕನ್ನಡಿ ಮುಂದೆ ನಿಂತು ನೋಡಿ. ಸ್ತನದ ಕೆಳಭಾಗ, ಕಂಕುಳು, ಹೊಲಿಗೆಯ ಗೆರೆ, ಇವು ನಮ್ಮ ಕಣ್ಣಿಗೆ ಬೀಳದ ಜಾಗಗಳು, ಅಲ್ಲಿಗೆ ಮಗಳ ಸಹಾಯ ತಗೊಳ್ಳಿ. ಫೋನಿನಲ್ಲಿ ಒಂದು ಫೋಟೋ ಇಟ್ಟುಕೊಂಡರೆ ಮುಂದಿನ ತಿಂಗಳು ಹೋಲಿಸಲು ಸುಲಭ. ಕುತ್ತಿಗೆಯ ಹತ್ತಿರ, ಭುಜದ ಎಲುಬಿನ ಮೇಲೂ ಕರೆಂಟು ಬಿದ್ದಿದ್ದರೆ ಬಿಸಿಲಿಗೆ ಹೋಗುವಾಗ ಸೆರಗು ಹೊದೆಯಿರಿ ಅಥವಾ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿ. ಬಿಸಿನೀರಿನ ಚೀಲ ಆ ಜಾಗಕ್ಕೆ ಬೇಡ. ತೆಂಗಿನೆಣ್ಣೆ ಹಚ್ಚಿ, ತೊಂದರೆ ಇಲ್ಲ. ಅದು ಕ್ಯಾನ್ಸರ್ ತಡೆಯುವುದಿಲ್ಲ, ಚರ್ಮ ಮೆತ್ತಗಿಡುತ್ತದೆ ಅಷ್ಟೆ.

ಫೈಲು ಎಲ್ಲಿದೆ ಅಂತ ಇವತ್ತೇ ಹುಡುಕಿ. ಪರೇಲಿನ ಟಾಟಾ ಆಸ್ಪತ್ರೆಗೆ ನಮ್ಮೂರುಗಳಿಂದ ಎಷ್ಟೋ ಜನ ಬರುತ್ತಾರೆ, ಕರೆಂಟು ಮುಗಿಸಿ ಊರಿಗೆ ಹೋಗುತ್ತಾರೆ, ಹತ್ತು ವರ್ಷದ ನಂತರ ಕಾಗದ ಯಾವ ಪೆಟ್ಟಿಗೆಯಲ್ಲಿದೆ ಅಂತ ಗೊತ್ತಿರುವುದಿಲ್ಲ. ಎಷ್ಟು ಗ್ರೇ, ಎಷ್ಟು ದಿನ, ಯಾವ ಯಾವ ಜಾಗಕ್ಕೆ ಅಂತ ಇರುವ ಆ ಒಂದು ಹಾಳೆಯ ಫೋಟೋ ನಿಮ್ಮ ಫೋನಲ್ಲೂ ಮಗಳ ಫೋನಲ್ಲೂ ಇರಲಿ.

ಪ್ರಶ್ನೆ: ಡಾಕ್ಟರೇ, ನಾವು ಪುಣೆಯವರು. ಅಮ್ಮನಿಗೆ 14 ವರ್ಷದ ಹಿಂದೆ ಬಲ ಸ್ತನ ಪೂರ್ತಿ ತೆಗೆದಿದ್ದಾರೆ. ಕರೆಂಟು ಕೊಟ್ಟಿರಲಿಲ್ಲ. ಅಂದಿನಿಂದ ಬಲಗೈ ಬಾತುಕೊಂಡೇ ಇದೆ. ಈಗ ತೋಳಿನ ಮೇಲೆ ಎರಡು ನೇರಳೆ ಗುಳ್ಳೆಗಳು ಎದ್ದಿವೆ. ಸೊಳ್ಳೆ ಕಚ್ಚಿದ್ದು ಅಂತ ಅಮ್ಮ ಸುಮ್ಮನಿದ್ದಾರೆ. ಕರೆಂಟೇ ಇಲ್ಲದ ಮೇಲೆ ಹೆದರಬೇಕಿಲ್ಲ ಅಲ್ವಾ?

ಉತ್ತರ: ಇಲ್ಲಪ್ಪಾ, ಇದನ್ನು ಹಾಗೆ ಬಿಡಬೇಡಿ. ವರ್ಷಗಟ್ಟಲೆ ಬಾತುಕೊಂಡ ಕೈಯಲ್ಲಿ ಕರೆಂಟು ಇಲ್ಲದೆಯೂ ಇದೇ ಆಂಜಿಯೋಸಾರ್ಕೋಮ ಬರಬಹುದು. ಸ್ಟೀವರ್ಟ್ ಮತ್ತು ಟ್ರೀವ್ಸ್ ಎಂಬ ವೈದ್ಯರು 1948ರಲ್ಲೇ ಇದನ್ನು ವಿವರಿಸಿದ್ದಾರೆ, ಈಗಲೂ ಅವರ ಹೆಸರಿನಿಂದಲೇ ಕರೆಯುತ್ತೇವೆ. ತುಂಬಾ ಅಪರೂಪ. ಅಮ್ಮನದು ಬರೀ ಸೊಳ್ಳೆ ಕಚ್ಚಿದ್ದೇ ಆಗಿರಲಿ ಅಂತ ನಾನೂ ಬೇಡಿಕೊಳ್ಳುತ್ತೇನೆ. ಆದರೆ ಅದು ಗೊತ್ತಾಗುವುದು ಬಯಾಪ್ಸಿಯಿಂದ ಮಾತ್ರ. ಹಿಂಡಬೇಡಿ, ಚುಚ್ಚಬೇಡಿ, ಮುಲಾಮು ಹಚ್ಚಿ ನೋಡೋಣ ಅಂತ ದಿನ ಕಳೆಯಬೇಡಿ. ಕ್ಯಾನ್ಸರ್ ಸರ್ಜನ್ ಇರುವ ಆಸ್ಪತ್ರೆಗೆ ಈ ವಾರವೇ ಕರೆದುಕೊಂಡು ಹೋಗಿ. ಹಳೆಯ ಆಪರೇಶನ್ ಕಾಗದ ಸಿಕ್ಕಿದರೆ ಜೊತೆಗಿರಲಿ, ಸಿಗದಿದ್ದರೂ ಹೊರಡಿ.