ಫೋನ್ ನೆನೆದರೆ ಚಾರ್ಜರ್ ಮುಟ್ಟಬೇಡಿ

ಪ್ರಶ್ನೆ: ನಮಸ್ಕಾರ ಸರ್. ಸಂಜೆ ಆಫೀಸು ಬಿಟ್ಟು ಘಾಟ್ಕೋಪರ್ ಸ್ಟೇಷನ್ ತಲುಪುವಷ್ಟರಲ್ಲಿ ಮಳೆಗೆ ತೊಯ್ದು ತೊಪ್ಪೆಯಾದೆ. ಪರ್ಸಿನ ಹೊರಗಿನ ಜಿಪ್‌ನಲ್ಲಿದ್ದ ಫೋನೂ ನೆನೆಯಿತು. ಲೋಕಲ್‌ನಲ್ಲಿ ಇದ್ದಾಗ ಚೆನ್ನಾಗಿಯೇ ಇತ್ತು. ಮನೆಗೆ ಬಂದು ಚಾರ್ಜಿಗೆ ಹಾಕಿದರೆ ನೀರಿನ ಹನಿಯ ಚಿತ್ರ ಬಂತು, ಚಾರ್ಜ್ ಆಗಲಿಲ್ಲ. ಅತ್ತೆ ಹೇಳಿದರೆಂದು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟೆ, ಎರಡನೇ ದಿನ ಸರಿಯಾಯಿತು. ಮುಂದೆ ಹೀಗಾದರೂ ಅಕ್ಕಿಯೇ ಸಾಕಾ?
– ಓದುಗರು, ಡೊಂಬಿವಲಿ

ಉತ್ತರ: ಸರಿಯಾಗಿದ್ದು ಸಂತೋಷ ಅಕ್ಕಾ. ಆದರೆ ಆ ಕೆಲಸ ಮಾಡಿದ್ದು ಅಕ್ಕಿ ಅಲ್ಲ. ಎರಡು ದಿನ ನೀವು ಫೋನ್ ಮುಟ್ಟಲಿಲ್ಲ, ಚಾರ್ಜಿಗೆ ಹಾಕಲಿಲ್ಲ, ಅಷ್ಟರಲ್ಲಿ ನೀರು ತಾನಾಗಿ ಒಣಗಿತು. ಫ್ಯಾನಿನ ಕೆಳಗೆ ಬರೀ ಮೇಜಿನ ಮೇಲೆ ಇಟ್ಟಿದ್ದರೂ ಅಷ್ಟೇ ಆಗುತ್ತಿತ್ತು, ಬಹುಶಃ ಇನ್ನೂ ಬೇಗ, ಯಾಕೆಂದರೆ ಡಬ್ಬದೊಳಗೆ ಗಾಳಿ ಆಡುವುದಿಲ್ಲ. ಜೊತೆಗೆ ಅಕ್ಕಿಯ ಪುಡಿ, ನುಚ್ಚು ಚಾರ್ಜಿಂಗ್ ತೂತಿನೊಳಗೆ ಸೇರಿಕೊಂಡರೆ ಅದು ಬೇರೆ ತಲೆನೋವು. ಐಫೋನ್ ಮಾಡುವ ಆಪಲ್ ಕಂಪನಿಯೇ ಅಕ್ಕಿಯಲ್ಲಿ ಇಡಬೇಡಿ ಎಂದು ಹೇಳಿದೆ.

ಒಂದು ಮಾತು ಚೆನ್ನಾಗಿ ನೆನಪಿಡಿ. ಫೋನನ್ನು ಜಾಸ್ತಿ ಹಾಳುಮಾಡುವುದು ನೀರಿಗಿಂತ ನೀರಿನಲ್ಲಿ ಹರಿಯುವ ಕರೆಂಟು. ಒಳಗೆ ಹನಿ ನೀರಿರುವಾಗ ಚಾರ್ಜರ್ ಚುಚ್ಚಿದರೆ ಪಿನ್ನುಗಳ ನಡುವೆ ಕರೆಂಟು ಹರಿದು ಲೋಹ ಕರಗಲು, ಕಿಲುಬು ಹಿಡಿಯಲು ಶುರುವಾಗುತ್ತದೆ. ರಿಪೇರಿಯವರು ಫೋನ್ ಬಿಚ್ಚಿದಾಗ ಒಮ್ಮೆ ಪಕ್ಕದಲ್ಲಿ ನಿಂತು ನೋಡಿ, ಚಾರ್ಜಿಂಗ್ ತೂತಿನ ಹಿಂದೆ ಬೋರ್ಡಿನ ಮೇಲೆ ಹಸಿರು ಮಿಶ್ರಿತ ಬಿಳಿ ಪುಡಿ ಕೂತಿರುತ್ತದೆ, ಹಳೇ ತಾಮ್ರದ ಚೊಂಬಿನ ಅಂಚಿನಲ್ಲಿ ಕಾಣುತ್ತದಲ್ವಾ, ಹಾಗೆ. ನಿಮ್ಮ ಫೋನ್ ಹನಿ ಚಿತ್ರ ತೋರಿಸಿ ಚಾರ್ಜ್ ನಿಲ್ಲಿಸಿತಲ್ಲ, ಅದು ತನ್ನನ್ನು ತಾನೇ ಕಾಪಾಡಿಕೊಂಡಿತು. ಎಲ್ಲ ಫೋನಿನಲ್ಲೂ ಈ ಸೌಲಭ್ಯ ಇರುವುದಿಲ್ಲ.

ಹಾಗಾಗಿ ನೆನೆದ ತಕ್ಷಣ ಸ್ವಿಚ್ ಆಫ್ ಮಾಡಿ. ಅಯ್ಯೋ, ಮನೆಗೆ ಫೋನ್ ಮಾಡಬೇಕು ಅಂತ ಅನಿಸುತ್ತದೆ, ನಿಜ. ಪಕ್ಕದಲ್ಲಿ ಕೂತವರ ಫೋನ್ ಕೇಳಿ, ಮಳೆಗಾಲದಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಕವರ್ ಕಳಚಿ, ಸಿಮ್ ಟ್ರೇ ಹೊರಗೆ ತೆಗೆಯಿರಿ, ಹತ್ತಿ ಬಟ್ಟೆಯಲ್ಲಿ ಒರೆಸಿ, ಚಾರ್ಜಿಂಗ್ ತೂತು ಕೆಳಗೆ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ. ಜೋರಾಗಿ ಕೊಡವಬೇಡಿ, ನೀರು ಇನ್ನೂ ಒಳಗೆ ಹೋಗುತ್ತದೆ. ಹೇರ್ ಡ್ರೈಯರ್ ಬೇಡ, ಗ್ಯಾಸ್ ಒಲೆ ಪಕ್ಕ ಇಡುವುದಂತೂ ಬೇಡವೇ ಬೇಡ, ಬಿಸಿಗೆ ಬ್ಯಾಟರಿಯೂ ಫೋನಿನ ಭಾಗಗಳನ್ನು ಹಿಡಿದಿಡುವ ಅಂಟೂ ಎರಡೂ ಹಾಳಾಗುತ್ತವೆ. ತೂತಿನೊಳಗೆ ಕಿವಿ ಒರೆಸುವ ಹತ್ತಿ ಕಡ್ಡಿ ಹಾಕಿ ತಿರುಗಿಸಬೇಡಿ. ಆಮೇಲೆ ಫ್ಯಾನಿನ ಕೆಳಗೆ ಇಟ್ಟು ಮರೆತುಬಿಡಿ. ತೂತಿಗೆ ಮಾತ್ರ ನೀರು ತಾಗಿದ್ದರೂ ಪೂರ್ತಿ ಒಣಗಲು 24 ಗಂಟೆ ಹಿಡಿಯಬಹುದು, ಮುಂಬಯಿಯ ಜುಲೈ ತಿಂಗಳ ಗಾಳಿಯೇ ಒದ್ದೆ, ಹಾಗಾಗಿ ಇನ್ನೊಂದು ದಿನ ಜಾಸ್ತಿ ಕಾದರೆ ಒಳ್ಳೆಯದು. ಬ್ಯಾಟರಿ ಉಬ್ಬಿದ್ದರೆ ಅಥವಾ ಫೋನ್ ಸುಮ್ನೆ ಇಟ್ಟಲ್ಲೇ ಬಿಸಿಯಾಗುತ್ತಿದ್ದರೆ ಮನೆಯಲ್ಲಿ ಯಾವ ಪ್ರಯೋಗವೂ ಬೇಡ, ಸೀದಾ ಅಂಗಡಿಗೆ ಒಯ್ಯಿರಿ.

ಪ್ರಶ್ನೆ: ಮಗ ಗೆಳೆಯರ ಜೊತೆ ಅಕ್ಸಾ ಬೀಚಿಗೆ ಹೋಗಿ ಫೋನ್ ಹಿಡಿದೇ ಸಮುದ್ರಕ್ಕೆ ಇಳಿದಿದ್ದಾನೆ. ಕೇಳಿದರೆ 'ಅಪ್ಪ, ಇದು ಐಪಿ 68, ವಾಟರ್‌ಪ್ರೂಫ್' ಅನ್ನುತ್ತಾನೆ. ಹೌದಾ?
– ಓದುಗರು, ಮೀರಾ ರೋಡ್

ಉತ್ತರ: ಅರ್ಧ ಮಾತ್ರ ಹೌದು. ಐಪಿ ಅನ್ನುವುದು ಫೋನ್ ಧೂಳು, ನೀರನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಗುರುತು. 6 ಅಂದರೆ ಧೂಳು ಒಳಹೋಗದು, 8 ಅಂದರೆ ಒಂದು ಮೀಟರಿಗಿಂತ ಆಳದ ನೀರಲ್ಲಿ ಕಂಪನಿ ಹೇಳಿದಷ್ಟು ಹೊತ್ತು ತಡೆಯುತ್ತದೆ. ಆದರೆ ಆ ಪರೀಕ್ಷೆ ನಡೆಯುವುದು ಲ್ಯಾಬಿನಲ್ಲಿ, ಹೊಸ ಫೋನಿನ ಮೇಲೆ, ಸಿಹಿನೀರಿನಲ್ಲಿ. ಅಕ್ಸಾದ ಅಲೆಯಲ್ಲಿ ಉಪ್ಪು, ಮರಳು ಎರಡೂ ಇದೆ. ಫೋನ್ ಹಳೆಯದಾದಂತೆ, ಬಿದ್ದಂತೆ ಒಳಗಿನ ಅಂಟು ಸಡಿಲವಾಗುತ್ತದೆ. ಹೊರಗಿನ ಅಂಗಡಿಯಲ್ಲಿ ಡಿಸ್‌ಪ್ಲೇ ಬದಲಿಸಿದ್ದರೆ ಆ 68ನ್ನು ನಂಬಲೇಬೇಡಿ.

ಉಪ್ಪುನೀರಿನ ಕಷ್ಟ ಏನೆಂದರೆ ನೀರು ಒಣಗಿದರೂ ಉಪ್ಪು ಒಳಗೇ ಉಳಿಯುತ್ತದೆ. ಮುಂಬಯಿಯ ತೇವಕ್ಕೆ ಮತ್ತೆ ಮತ್ತೆ ಒದ್ದೆಯಾಗಿ ಕೊರೆಯುತ್ತಲೇ ಇರುತ್ತದೆ. ಫೋನ್ ನಿಜವಾಗಿ ಐಪಿ 68 ಇದ್ದು ಎಲ್ಲೂ ಬಿರುಕಿಲ್ಲದಿದ್ದರೆ, ಆಫ್ ಮಾಡಿ, ನಲ್ಲಿ ಸಣ್ಣಗೆ ಬಿಟ್ಟು ಹೊರಗಿನ ಉಪ್ಪು ತೊಳೆದು ಒಣಗಿಸಿ. ಬಿರುಕಿದ್ದರೆ ಅಥವಾ ನೀರು ತಡೆಯುವ ಫೋನೇ ಅಲ್ಲದಿದ್ದರೆ ತೊಳೆಯಬೇಡಿ, ಅವತ್ತೇ ರಿಪೇರಿಗೆ ಕೊಡಿ. ಲ್ಯಾಮಿಂಗ್ಟನ್ ರೋಡಿನಲ್ಲಾಗಲಿ ನಿಮ್ಮ ಸ್ಟೇಷನ್ ಹತ್ತಿರವಾಗಲಿ, 'ಬೋರ್ಡ್ ಬಿಚ್ಚಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ತೊಳೆಯುತ್ತೀರಾ?' ಅಂತ ಮೊದಲೇ ಕೇಳಿ (ಅದು ಬೋರ್ಡ್ ಶುಚಿ ಮಾಡುವ, ಬೇಗ ಆರುವ ದ್ರವ). ಬರೀ ಬಿಸಿಗಾಳಿ ಊದಿ ವಾಪಸು ಕೊಡುವವರಿಗೆ ಕೊಡಬೇಡಿ. ಮಗನಿಗೆ ಬೈಯಬೇಡಿ, ಜಾಹೀರಾತು ನೋಡಿದರೆ ಯಾರೂ ಹಾಗೇ ಅಂದುಕೊಳ್ಳುತ್ತಾರೆ.

ಪ್ರಶ್ನೆ: ನಾನು ಮಾಟುಂಗಾದ ಹೋಟೆಲಿನಲ್ಲಿ ಕ್ಯಾಶಿಯರ್. ಫೋನಿನ ಮೇಲೆ ಕಾಫಿ ಚೆಲ್ಲಿತು. ಸರ್ವಿಸ್ ಸೆಂಟರಿನವರು 'ಒಳಗೆ ಕೆಂಪು ಬಂದಿದೆ, ವಾರಂಟಿ ಇಲ್ಲ' ಅಂದರು. ಮೋಸ ಅಲ್ವಾ?
– ಓದುಗರು, ಮಾಟುಂಗಾ

ಉತ್ತರ: ಸಿಟ್ಟು ಬರುವುದು ಸಹಜ, ಆದರೆ ಇದು ಮೋಸ ಅಲ್ಲ. ಎಷ್ಟೋ ಫೋನಿನಲ್ಲಿ ಸಿಮ್ ಟ್ರೇ ತೂತಿನೊಳಗೆ ಒಂದು ಚಿಕ್ಕ ಬಿಳಿ ಚುಕ್ಕಿ ಇರುತ್ತದೆ, ನೀರು ತಾಗಿದರೆ ಕೆಂಪಾಗುತ್ತದೆ. ಟ್ರೇ ಎಳೆದು ಟಾರ್ಚ್ ಬಿಟ್ಟು ನೀವೇ ನೋಡಬಹುದು. ನೀರಿನ ಹಾನಿ ಸಾಮಾನ್ಯವಾಗಿ ಮಾಮೂಲಿ ವಾರಂಟಿಯಲ್ಲಿ ಬರುವುದಿಲ್ಲ. ಬೇರೆ ದುಡ್ಡು ಕೊಟ್ಟು ಪ್ಲಾನ್ ತಗೊಂಡಿದ್ದರೆ ಅದರಲ್ಲಿ ದ್ರವದ ಹಾನಿ ಸೇರಿದೆಯಾ ಅಂತ ಓದಿ. ಕಾಫಿಯ ಸಕ್ಕರೆ, ಹಾಲು ಒಳಗೆ ಅಂಟಿಕೊಳ್ಳುವುದರಿಂದ ಬೋರ್ಡ್ ತೊಳೆಸಲೇಬೇಕು. ಫೋನ್ ಈಗ ಆನ್ ಆಗುತ್ತಿದ್ದರೆ ಇವತ್ತೇ ಫೋಟೋ, ನಂಬರು, ವಾಟ್ಸಾಪ್ ಎಲ್ಲ ಬ್ಯಾಕಪ್ ಮಾಡಿ, ಕಿಲುಬು ಹಿಡಿದ ಫೋನ್ ವಾರಗಟ್ಟಲೆ ನಡೆದು ಒಂದು ದಿನ ಹೇಳದೆ ಕೇಳದೆ ಸಾಯಬಹುದು.